ಎಲೆ ನೋಡಿ ಮೋಸ ಹೋಗಬೇಡಿ, ಕಾಯಿ ಹುಡುಕಿ

ಹಿಂದಿನ ಸಂಚಿಕೆಯಲ್ಲಿ ಆಸ್ಟ್ರೇಲಿಯಾದ ಒಣನೆಲದ ಗಿಡಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಅಡಿಲೇಡ್, ಮೆಲ್ಬರ್ನ್, ಪರ್ತ್ ಕಡೆಯ ಕನ್ನಡಿಗರಿಂದ ಪತ್ರಗಳು ಬಂದಿವೆ. ಹೆಚ್ಚಿನವರದು ಒಂದೇ ಗೋಳು. ಸಾಲ್ಟ್‌ಬುಷ್ ಅಂತಾರೆ, ಎಲ್ಲವೂ ಬೂದಿ ಬಣ್ಣ, ಯಾವುದು ಯಾವುದು ಅಂತ ಹೇಳೋದು ಹೇಗೆ? ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಅಡಿಲೇಡ್‌ನಿಂದ ಪೋರ್ಟ್ ಆಗಸ್ಟಾ ದಾಟಿ ಉತ್ತರಕ್ಕೆ ಹೋದರೆ ರಸ್ತೆಯ ಎರಡೂ ಕಡೆ ಮೊಣಕಾಲೆತ್ತರದ ಬೂದು ಪೊದೆಗಳೇ ಕಾಣುತ್ತವೆ. ಸ್ನೇಹಿತರು ಕೆಲವನ್ನು ಸಾಲ್ಟ್‌ಬುಷ್ ಅಂದರು, ಕೆಲವನ್ನು ಬ್ಲೂಬುಷ್ ಅಂದರು. ನನಗಂತೂ ಎರಡೂ ಒಂದೇ. ವ್ಯತ್ಯಾಸ ಏನು? (ಅಡಿಲೇಡ್‌ನ ಓದುಗರು)

ಉತ್ತರ: ಕಾರಿನೊಳಗೆ ಕೂತು ನೋಡಿದರೆ ಯಾರಿಗೂ ಗೊತ್ತಾಗಲ್ಲ, ಇಳಿಯಲೇಬೇಕು. ಇಳಿದ ಮೇಲೆ ಮೊದಲು ಒಂದು ಎಲೆ ಕಿತ್ತು ಎರಡು ಬೆರಳ ನಡುವೆ ಹಿಡಿಯಿರಿ. ಎಲೆ ಚಪ್ಪಟೆಯಾಗಿದ್ದು, ಹೆಬ್ಬೆರಳಿಂದ ಒತ್ತಿ ಉಜ್ಜಿದಾಗ ಬೂದು ಪುಡಿ ಎದ್ದು ಕೆಳಗಿನ ಹಸಿರು ಕಂಡರೆ ಅದು ಸಾಲ್ಟ್‌ಬುಷ್, ಅಂದರೆ ಅಟ್ರಿಪ್ಲೆಕ್ಸ್ ಜಾತಿಯದು. ಎಲೆ ಚಿಕ್ಕದಾಗಿ, ಉರುಟಾಗಿ, ರಸ ತುಂಬಿಕೊಂಡಂತಿದ್ದು, ಮೈಮೇಲೆ ಪುಡಿಯ ಬದಲು ಒತ್ತಾದ ಸಣ್ಣ ಕೂದಲು ಇದ್ದರೆ ಬ್ಲೂಬುಷ್, ಅಂದರೆ ಮೈರಿಯಾನಾ. ಆ ಕಡೆ ಜಾಸ್ತಿ ಕಾಣುವ ಪರ್ಲ್ ಬ್ಲೂಬುಷ್‌ನ ಎಲೆ 1 ಸೆಂ.ಮೀ. ಕೂಡ ಇರುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಬೇಡಿ. ನಾನು ಯಾವಾಗಲೂ ಹೇಳೋದು ಇದನ್ನೇ: ಎಲೆ ಅನ್ನೋದು ನೀರು, ನೆರಳು, ಕಾಲ ನೋಡಿಕೊಂಡು ವೇಷ ಬದಲಿಸುತ್ತದೆ. ಒಳ್ಳೆ ಮಳೆಯಾದ ವರ್ಷ ಅದೇ ಗಿಡದಲ್ಲಿ ಅಗಲವಾದ ಹಸಿರೆಲೆ ಬರುತ್ತದೆ, ಬರಗಾಲದಲ್ಲಿ ಪುಟ್ಟದಾದ ದಪ್ಪ ಬಿಳಿಚಿದ ಎಲೆ ಬರುತ್ತದೆ, ಕುರಿ ಮೇಯ್ದ ಮೇಲೆ ಚಿಗುರಿದ ಎಲೆ ಇನ್ನೊಂದು ತರ. ಕಾಯಿ ಹಾಗೆ ಬೇಕಾಬಿಟ್ಟಿ ಬದಲಾಗಲ್ಲ. ಸಾಲ್ಟ್‌ಬುಷ್‌ನಲ್ಲಿ ಒಂದೇ ಒಂದು ಬೀಜವನ್ನು ಎರಡು ಪುಟ್ಟ ಎಲೆಯಂಥ ಹೊದಿಕೆಗಳು ಎರಡೂ ಕಡೆಯಿಂದ ಮುಚ್ಚಿಕೊಂಡಿರುತ್ತವೆ. ಈ ಜೋಡಿ ಹೊದಿಕೆಯ ಆಕಾರದಲ್ಲೇ ಇಡೀ ಗುಟ್ಟು ಇರೋದು. ಬ್ಲೂಬುಷ್‌ನಲ್ಲಿ ಜೋಡಿ ಹೊದಿಕೆ ಇಲ್ಲ. ಕಾಯಿಯ ಸುತ್ತ ಒಂದು ತೆಳುವಾದ ಅಡ್ಡ ರೆಕ್ಕೆ ಇರುತ್ತದೆ, ಒಣಗಿದಾಗ ಸಂಡಿಗೆಯ ಹಾಗೆ ಗರಿಗರಿ, ಬೆಳಕಿಗೆ ಹಿಡಿದರೆ ನರಗಳು ಕಾಣುತ್ತವೆ. ಇದನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದವರಿಗೆ ಮತ್ತೆ ಗೊಂದಲ ಆಗಲ್ಲ.

ನೀವು ಕಂಡ ಮೊಣಕಾಲೆತ್ತರದ ಸಾಲ್ಟ್‌ಬುಷ್ ಬಹುಶಃ ಬ್ಲ್ಯಾಡರ್ ಸಾಲ್ಟ್‌ಬುಷ್, ಶಾಸ್ತ್ರೀಯ ಹೆಸರು ಅಟ್ರಿಪ್ಲೆಕ್ಸ್ ವೆಸಿಕೇರಿಯಾ. ನಲ್ಲಾರ್‌ಬಾರ್ ಬಯಲಿನಿಂದ ನ್ಯೂ ಸೌತ್ ವೇಲ್ಸ್‌ನ ರಿವರೀನಾವರೆಗೂ ಇದು ಹಬ್ಬಿದೆ. ಎಲೆ ಉದ್ದುದ್ದ ಅಂಡಾಕಾರ, ಅಂಚಿನಲ್ಲಿ ಹಲ್ಲುಗಳಿಲ್ಲ. ಕಾಯಿ ನೋಡಿದರೆ ಗುರುತು ಸಿಕ್ಕೇಬಿಡುತ್ತದೆ: ಎರಡು ಹೊದಿಕೆಗಳ ಹೊರಮೈಯಲ್ಲಿ ಒಂದೊಂದು ಉಬ್ಬಿದ ಚೀಲ ಅಂಟಿಕೊಂಡಿರುತ್ತದೆ. ಮುಟ್ಟಿದರೆ ಹಗುರ, ಒಳಗೆ ಪೊಳ್ಳು ಪೊಳ್ಳು, ಗಾಳಿ ಬಂದರೆ ಉರುಳಿಕೊಂಡು ಹೋಗುತ್ತದೆ. ಆದರೆ ಒಂದು ಎಚ್ಚರಿಕೆ. ಈ ಜಾತಿಯ ಕೆಲವು ಉಪಜಾತಿಗಳಲ್ಲಿ ಚೀಲ ತೀರ ಚಿಕ್ಕದು, ಕೆಲವದರಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಒಂದೇ ಗಿಡ ನೋಡಿ ತೀರ್ಮಾನಕ್ಕೆ ಬರದೆ ಅಕ್ಕಪಕ್ಕದ ಹತ್ತು ಗಿಡ ನೋಡಿ.

ಹಾಗೇ ನಡೆಯುವಾಗ ಕಾಲಡಿ ಏನೋ 'ಪಟ್' ಅಂದರೆ ಗಾಬರಿ ಬೇಡ. ಅದು ಪಾಪ್ ಸಾಲ್ಟ್‌ಬುಷ್. ಮಳೆ ಬಿದ್ದಾಗ ಹುಟ್ಟಿ ಬೇಗ ಮುಗಿದುಹೋಗುವ ಚಿಕ್ಕ ಗಿಡ. ಇದರ ಹೊದಿಕೆ ಪೂರ್ತಿ ಊದಿಕೊಂಡು ಸ್ಪಂಜಿನ ಉಂಡೆಯಾಗಿರುತ್ತದೆ, ಚೀಲ ಪ್ರತ್ಯೇಕವಾಗಿ ಕಾಣೋದಿಲ್ಲ. ಬ್ಲ್ಯಾಡರ್‌ಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಗಿಡ ನೋಡಿದರೂ ತಿಳಿಯುತ್ತದೆ, ಬ್ಲ್ಯಾಡರ್‌ನ ಬುಡ ಗಟ್ಟಿ ಕಟ್ಟಿಗೆ, ಇದರದು ಮೆತ್ತಗಿನ ದಂಟು.

ಪೋರ್ಟ್ ಆಗಸ್ಟಾದಲ್ಲಿ ಒಣನೆಲದ ಗಿಡಗಳದ್ದೇ ಒಂದು ಸಸ್ಯೋದ್ಯಾನ ಇದೆ, 1996ರಲ್ಲಿ ಶುರುವಾದದ್ದು. ಮುಂದಿನ ಸಲ ಆ ಕಡೆ ಹೋದರೆ ಅಲ್ಲಿ ಇಳಿದು, ಹೆಸರಿನ ಫಲಕ ಇರುವ ಗಿಡಗಳ ಕಾಯಿಯನ್ನು ಮೊದಲು ನೋಡಿಕೊಂಡು, ಆಮೇಲೆ ಮುಂದೆ ಹೋಗಿ. ಪುಸ್ತಕ ಓದಿ ಕಲಿಯೋದಕ್ಕಿಂತ ಇದು ಸುಲಭ.

ಪ್ರಶ್ನೆ: ಅದೆಲ್ಲ ಯಾಕೆ ಬೂದು ಬಣ್ಣ? ಉಪ್ಪು ಅಂತ ಹೆಸರಲ್ಲಿದೆ, ನಿಜಕ್ಕೂ ಎಲೆಯಲ್ಲಿ ಉಪ್ಪು ಇರುತ್ತಾ? (ಮೈಸೂರು)

ಉತ್ತರ: ಇರುತ್ತದೆ, ಚೆನ್ನಾಗಿಯೇ ಇರುತ್ತದೆ. ಎಲೆಯ ಮೇಲಿನ ಆ ಪುಡಿ ಧೂಳಲ್ಲ. ಸೂಕ್ಷ್ಮ ಗಾಜಿನಲ್ಲಿ ನೋಡಿದರೆ ಸಣ್ಣ ಕಾಂಡದ ಮೇಲೆ ಕೂತ ಬಲೂನುಗಳು ಕಾಣುತ್ತವೆ. ಬೇರು ಎಳೆದುಕೊಂಡ ಉಪ್ಪಿನಲ್ಲಿ ಹೆಚ್ಚಾದದ್ದನ್ನು ಗಿಡ ಆ ಬಲೂನುಗಳಿಗೆ ತಳ್ಳುತ್ತದೆ. ಎಲೆ ಬಲಿತಂತೆ ಬಲೂನು ಒಣಗಿ ಒಡೆದು ಪದರವಾಗಿ ಅಂಟಿಕೊಳ್ಳುತ್ತದೆ. ಆ ಪದರ ಬಿಸಿಲನ್ನು ವಾಪಸ್ ಹೊಡೆಯುತ್ತದೆ, ಅದಕ್ಕೇ ದೂರದಿಂದ ಬೆಳ್ಳಿ ಹಾಗೆ ಕಾಣೋದು.

ಇದನ್ನು ನೋಡಲು ಆಸ್ಟ್ರೇಲಿಯಾಗೆ ಹೋಗಬೇಕಾಗಿಲ್ಲ. ಮಾರುಕಟ್ಟೆಯಿಂದ ಚಕ್ಕೋತ ಸೊಪ್ಪು ತನ್ನಿ, ಎಳೆ ಚಿಗುರನ್ನು ತಿರುಗಿಸಿ ನೋಡಿ. ಹಿಟ್ಟು ಉದುರಿಸಿದಂತೆ ಬೆಳ್ಳಗೆ ಕಾಣುತ್ತದೆ ಅಲ್ವಾ? ಅದೂ ಇದೇ ಬಗೆಯ ಕೂದಲು. ಚಕ್ಕೋತ, ಪಾಲಕ್, ಬೀಟ್‌ರೂಟ್, ದಂಟು, ಸಾಲ್ಟ್‌ಬುಷ್ ಎಲ್ಲ ಒಂದೇ ಕುಟುಂಬದವು. ಈಗ ಈ ಕುಟುಂಬವನ್ನು ಅಮರಾಂತೇಸಿ ಅಂತಾರೆ. ಹಳೆ ಪುಸ್ತಕಗಳಲ್ಲಿ ಸಾಲ್ಟ್‌ಬುಷ್ ಕೀನೊಪೋಡಿಯೇಸಿ ಅಂತ ಇರುತ್ತದೆ, ಎರಡೂ ಕಡೆ ಹುಡುಕಿ.

ರಸ್ತೆ ಬದಿಯ ಎಲೆಯನ್ನು ಮಾತ್ರ ಉಪ್ಪಿದೆಯಾ ಅಂತ ನೆಕ್ಕಿ ನೋಡಬೇಡಿ. ಕಳೆನಾಶಕ ಹೊಡೆದಿರಬಹುದು.

ಪ್ರಶ್ನೆ: ಬೇಲಿಗೆ ಅಂತ ನರ್ಸರಿಯಿಂದ ಓಲ್ಡ್ ಮ್ಯಾನ್ ಸಾಲ್ಟ್‌ಬುಷ್ ತಂದು ಸಾಲಾಗಿ ನೆಟ್ಟೆ. ಆಳೆತ್ತರ ಬೆಳೆದಿದೆ, ತುದಿಗಳಲ್ಲಿ ಹೂವಿನಂಥದ್ದು ಬರುತ್ತದೆ, ಕಾಯಿ ಒಂದೂ ಇಲ್ಲ. ಬೇರೆ ಜಾತಿ ಕೊಟ್ಟು ಮೋಸ ಮಾಡಿದರಾ? (ಮೆಲ್ಬರ್ನ್‌ನ ಪಶ್ಚಿಮ ಭಾಗದಿಂದ)

ಉತ್ತರ: ಮೋಸ ಇರಲಿಕ್ಕಿಲ್ಲ. ನಿಮ್ಮವು ಗಂಡು ಗಿಡಗಳು. ಓಲ್ಡ್ ಮ್ಯಾನ್ ಸಾಲ್ಟ್‌ಬುಷ್‌ನಲ್ಲಿ, ಅಂದರೆ ಅಟ್ರಿಪ್ಲೆಕ್ಸ್ ನುಮ್ಮುಲಾರಿಯಾದಲ್ಲಿ, ಸಾಮಾನ್ಯವಾಗಿ ಗಂಡು ಬೇರೆ, ಹೆಣ್ಣು ಬೇರೆ. ನರ್ಸರಿಯವರು ಒಂದೇ ಗಿಡದ ಕಡ್ಡಿಗಳನ್ನು ಕತ್ತರಿಸಿ ಬೇರು ಬರಿಸಿದ್ದರೆ ಇಡೀ ಸಾಲು ಒಂದೇ ಲಿಂಗದ್ದಾಗುತ್ತದೆ. ಕೊಂಬೆಯ ತುದಿಯಲ್ಲಿ ದುಂಡು ದುಂಡು ಮಣಿಗಳ ಗೊಂಚಲು ಇದ್ದು, ತಟ್ಟಿದರೆ ಹಳದಿ ಪುಡಿ ಹಾರಿದರೆ ಅದು ಪರಾಗ, ಗಿಡ ಗಂಡು. ಹೆಣ್ಣು ಗಿಡದ ಗೊಂಚಲು ಇನ್ನೂ ಒತ್ತಾಗಿದ್ದು ಕಾಯಿಯ ಭಾರಕ್ಕೆ ಬಾಗಿರುತ್ತದೆ. ಗಾಳಿಯೇ ಪರಾಗ ಒಯ್ಯೋದು, ಜೇನು ಬೇಕಿಲ್ಲ. ಬೇಲಿಗೆ ಗಂಡಾದರೇನು ಹೆಣ್ಣಾದರೇನು, ಸುಮ್ನೆ ಬಿಡಿ.

ಜಾತಿ ಸರಿಯಾಗಿದೆಯೋ ಅಂತ ಖಚಿತ ಮಾಡಿಕೊಳ್ಳಲು ಎತ್ತರವೇ ಮೊದಲ ಸುಳಿವು. ಆಸ್ಟ್ರೇಲಿಯಾದ ಸಾಲ್ಟ್‌ಬುಷ್‌ಗಳಲ್ಲಿ ಇದೇ ದೊಡ್ಡಣ್ಣ, 3 ಮೀಟರ್‌ವರೆಗೂ ಹೋಗುತ್ತದೆ, ಅಗಲವೂ ಅಷ್ಟೇ. ಎಲೆ 1ರಿಂದ 3 ಸೆಂ.ಮೀ., ಹೆಚ್ಚೂಕಡಿಮೆ ದುಂಡಗೆ, ದಪ್ಪ, ಎರಡೂ ಬದಿ ಬೂದು, ಸ್ಪಷ್ಟವಾದ ತೊಟ್ಟು. ಹಳೆಯ ಕಾಂಡ ಗಟ್ಟಿ ಕಟ್ಟಿಗೆ, ಆದರೆ ಎಳೆ ಕೊಂಬೆ ಬಗ್ಗಿಸಿದರೆ ಲಟ್ ಅಂತ ಮುರಿಯುತ್ತದೆ. ಎಲ್ಲಾದರೂ ಹೆಣ್ಣು ಗಿಡ ಸಿಕ್ಕರೆ ಕಾಯಿ ನೋಡಿ: ಬೀಸಣಿಗೆ ಆಕಾರದ ಚಪ್ಪಟೆ ಹೊದಿಕೆಗಳು, ಬುಡದಲ್ಲಿ ಮಾತ್ರ ಗಟ್ಟಿ, ಚೀಲ ಇಲ್ಲ. ಬ್ಲ್ಯಾಡರ್‌ಗೂ ಇದಕ್ಕೂ ಇಲ್ಲೇ ಬೇರೆಯಾಗೋದು.

ನೀವು ಸಮುದ್ರದ ಹತ್ತಿರ ಇದ್ದೀರಿ ಅಂತ ಬರೆದಿದ್ದೀರಿ, ಹಾಗಾಗಿ ಇನ್ನೆರಡು ಗಿಡ ಹೇಳಿಬಿಡುತ್ತೇನೆ. ಮರಳಿನ ಮೇಲೆ ಹರಡಿಕೊಂಡು, ಉದ್ದನೆಯ ಬೆಳ್ಳಿ ಎಲೆ ಇರುವುದು ಕೋಸ್ಟ್ ಸಾಲ್ಟ್‌ಬುಷ್, ಅಟ್ರಿಪ್ಲೆಕ್ಸ್ ಸಿನೇರಿಯಾ. ಎಲೆಯ ಮೇಲ್ಭಾಗ ಹೊಳೆಯುವ ಹಸಿರು, ಕೆಳಗೆ ಮಾತ್ರ ಬೂದು, ಸಣ್ಣ ಕಡುಕೆಂಪು ಹಣ್ಣು ಇದ್ದರೆ ಸೀಬೆರಿ ಸಾಲ್ಟ್‌ಬುಷ್. ಇದು ಅಟ್ರಿಪ್ಲೆಕ್ಸ್ ಅಲ್ಲ, ರಾಗೋಡಿಯಾ. ಇತ್ತೀಚಿನ ಪುಸ್ತಕಗಳು ಇದನ್ನು ಚಕ್ಕೋತದ ಜಾತಿಯಾದ ಕೀನೊಪೋಡಿಯಂಗೆ ಸೇರಿಸಿವೆ. ಹೆಸರು ಬದಲಾಗುತ್ತಲೇ ಇರುತ್ತದೆ, ಗಿಡ ಮಾತ್ರ ಅದೇ.

ಪ್ರಶ್ನೆ: ಕುರಿ ಸಾಕುವ ಜಮೀನಿನಲ್ಲಿ ಕೆಲಸ. ಉಪ್ಪೆದ್ದ ಗದ್ದೆಗೆ ಸಾಲ್ಟ್‌ಬುಷ್ ಹಾಕಿದ್ದಾರೆ. ಒಂದೇ ಸಾಲಿನಲ್ಲಿ ಮೂರು ನಮೂನೆ ಎಲೆ ಕಾಣುತ್ತವೆ. (ಪರ್ತ್‌ನ ಪೂರ್ವಕ್ಕೆ, ಗೋಧಿ ಸೀಮೆಯಿಂದ)

ಉತ್ತರ: ಅಲ್ಲಿ ಆಳಕ್ಕೆ ಬೇರು ಬಿಡುವ ಕಾಡನ್ನು ಕಡಿದು ಗೋಧಿ ಹಾಕಿದ ಮೇಲೆ ಅಂತರ್ಜಲ ಮೇಲೇರಿ, ತಳದಲ್ಲಿದ್ದ ಉಪ್ಪನ್ನೂ ಹೊತ್ತು ತಂದಿತು. ಗೋಧಿ ಬಾರದ ಜಾಗಕ್ಕೆ ಮೇವಿಗಾಗಿ ಸಾಲ್ಟ್‌ಬುಷ್ ತಂದರು, ಅದೂ ಬೇರೆ ಬೇರೆ ಊರಿನವು. ಮೂರು ನಮೂನೆ ಸಿಗೋದು ಅದಕ್ಕೇ.

ಎಲೆಯ ಬುಡದಲ್ಲಿ ಎರಡು ಕಿವಿ ಚಾಚಿಕೊಂಡು ಭರ್ಜಿಯ ಮೊನೆಯ ಆಕಾರ ಇದ್ದರೆ, ಕೊಂಬೆಗಳು ಹರಡಿ ಮಣ್ಣು ತಾಗಿದಲ್ಲೇ ಬೇರು ಬಿಟ್ಟಿದ್ದರೆ, ಅದು ರಿವರ್ ಸಾಲ್ಟ್‌ಬುಷ್, ಅಟ್ರಿಪ್ಲೆಕ್ಸ್ ಆಮ್ನಿಕೋಲಾ. ಪಶ್ಚಿಮ ಆಸ್ಟ್ರೇಲಿಯಾದ ಮರ್ಚಿಸನ್, ಗ್ಯಾಸ್ಕೋಯ್ನ್ ನದಿಗಳ ಕಡೆಯದು. ಎಲ್ಲ ಎಲೆಗೂ ಕಿವಿ ಇರೋದಿಲ್ಲ, ಒಂದೆರಡು ಕೊಂಬೆ ಪೂರ್ತಿ ನೋಡಿ. ಎಲೆಯಂಚು ಅಲೆಅಲೆಯಾಗಿ ಸುಕ್ಕುಗಟ್ಟಿದ್ದರೆ ವೇವಿ ಲೀಫ್, ಅರ್ಜೆಂಟೀನಾದಿಂದ ಬಂದದ್ದು. ದುಂಡೆಲೆ, ನೆಟ್ಟಗೆ ನಿಂತ ಪೊದೆ ಆದರೆ ಓಲ್ಡ್ ಮ್ಯಾನ್. ಇದರಲ್ಲೇ ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದ ವಿಜ್ಞಾನಿಗಳು ಕುರಿಗಳಿಗೆ ಇಷ್ಟವಾಗುವ, ಬೇಗ ಜೀರ್ಣವಾಗುವ ಗಿಡ ಆರಿಸಿ 'ಅನಮೆಕಾ' ಅಂತ ತಳಿ ಮಾಡಿದ್ದಾರೆ. ಅದನ್ನು ಬೀಜದಿಂದ ಬೆಳೆಸಲ್ಲ, ಕಡ್ಡಿಯಿಂದಲೇ. ಎಲೆ ನೋಡಿ ಅನಮೆಕಾನೋ ಸಾದಾ ಓಲ್ಡ್ ಮ್ಯಾನೋ ಅಂತ ಹೇಳುವ ಸಾಹಸ ಮಾತ್ರ ಬೇಡ, ಯಜಮಾನರ ಹತ್ತಿರ ಇರುವ ಖರೀದಿ ಚೀಟಿ ಕೇಳಿ.

ಕುರಿಗಳೂ ಒಂದು ಸುಳಿವು ಕೊಡುತ್ತವೆ. ಒಂದು ಗಿಡವನ್ನು ಬೋಳು ಮಾಡಿ ಪಕ್ಕದ್ದನ್ನು ಮುಟ್ಟದೆ ಬಿಟ್ಟಿದ್ದರೆ ಎರಡೂ ಬೇರೆ ಇರಬಹುದು ಅಂತ ಅನುಮಾನ ಪಡಿ. ಆದರೆ ಒಂದೇ ಜಾತಿಯೊಳಗೂ ರುಚಿ ಗಿಡದಿಂದ ಗಿಡಕ್ಕೆ ಬದಲಾಗುತ್ತದೆ, ಹಾಗಾಗಿ ಅನುಮಾನದಲ್ಲೇ ಇಡಿ. ಇಷ್ಟು ಉಪ್ಪು ತಿಂದ ಕುರಿಗೆ ಸಿಹಿನೀರು ಧಾರಾಳವಾಗಿ ಬೇಕು. ಬರೀ ಇದನ್ನೇ ಹಾಕಿದರೂ ಆಗಲ್ಲ, ಒಣಹುಲ್ಲೂ ಜೊತೆಗಿರಬೇಕು.

ಪ್ರಶ್ನೆ: ಬ್ರೋಕನ್ ಹಿಲ್ ಕಡೆ ಪ್ರವಾಸ ಹೋದಾಗ ಪುಟ್ಟ ಪೊದೆಯಲ್ಲಿ ಕೆಂಪು ಹಣ್ಣು ಕಂಡಿತು. ಅಲ್ಲಿನವರೊಬ್ಬರು ಕಿತ್ತು ತಿಂದರು, ಮಕ್ಕಳಿಗೂ ಕೊಟ್ಟರು. ನನಗೆ ಭಯ. ತಿನ್ನಬಹುದಾ? (ಸಿಡ್ನಿ)

ಉತ್ತರ: ಅದು ರೂಬಿ ಸಾಲ್ಟ್‌ಬುಷ್ ಆಗಿದ್ದರೆ ತಿನ್ನಬಹುದು. ಅಲ್ಲಿನ ಮೂಲನಿವಾಸಿಗಳು ಹಿಂದಿನಿಂದಲೂ ತಿನ್ನುತ್ತಿದ್ದಾರೆ. ಆದರೆ 'ಆಗಿದ್ದರೆ' ಅನ್ನೋದು ದೊಡ್ಡ ಮಾತು. ಕೆಂಪು ಹಣ್ಣಿನ ಪೊದೆ ಅಲ್ಲಿ ಬೇರೆ ಬೇರೆ ಇವೆ, ಒಂದೊಂದಾಗಿ ನೋಡಿ.

ರೂಬಿ, ಶಾಸ್ತ್ರೀಯವಾಗಿ ಎನ್‌ಕಿಲೀನಾ ಟೊಮೆಂಟೋಸಾ, ಹೆಸರಿಗೆ ಸಾಲ್ಟ್‌ಬುಷ್ ಆದರೂ ಅಟ್ರಿಪ್ಲೆಕ್ಸ್ ಅಲ್ಲ, ಬ್ಲೂಬುಷ್‌ನ ಹತ್ತಿರದ ನೆಂಟ. ಎಲೆ ಉರುಟಾದ ಕಡ್ಡಿಯ ತರ, 1ರಿಂದ 2 ಸೆಂ.ಮೀ., ಹಿಸುಕಿದರೆ ನೀರು ಬರುತ್ತದೆ. ಎಳೆ ಕಾಂಡದ ಮೇಲೆ ಬಿಳಿ ತುಪ್ಪಳ ಇರುತ್ತದೆ, ಮುಳ್ಳು ಇಲ್ಲವೇ ಇಲ್ಲ. ಹಣ್ಣು ಗುಂಡಿಯಂತೆ ಮೇಲಿನಿಂದ ಅದುಮಿದಂತಿದ್ದು ನಡುವೆ ಸಣ್ಣ ತಗ್ಗು, ಒಳಗೆ ಒಂದೇ ಬೀಜ. ಒಂದೇ ಕೊಂಬೆಯಲ್ಲಿ ಹಸಿರು, ಹಳದಿ, ಕೆಂಪು ಮೂರೂ ಬಣ್ಣದವು ಒಟ್ಟಿಗೆ ಇರುತ್ತವೆ. ರುಚಿ ಸಿಹಿಯ ಜೊತೆ ಸ್ವಲ್ಪ ಉಪ್ಪು.

ಕೊಂಬೆಯ ತುದಿಯೇ ಮುಳ್ಳಾಗಿ ಮುಗಿದಿದ್ದು, ಎಲೆ ಚಪ್ಪಟೆ ಚಿಕ್ಕದು, ಬೂದು ಪುಡಿ ಇದ್ದು, ಹಣ್ಣು ತೀರ ಪುಟ್ಟದಾಗಿದ್ದರೆ ಥಾರ್ನಿ ಸಾಲ್ಟ್‌ಬುಷ್. ನೆಲಕ್ಕೆ ಅಂಟಿ ಹರಡಿದ ಗಿಡದಲ್ಲಿ, ಅಂಚಿಗೆ ಸಣ್ಣ ಹಲ್ಲುಗಳಿರುವ ಎಲೆಗಳ ಕಂಕುಳಲ್ಲಿ, ವಜ್ರಾಕಾರದ ಕೆಂಪು ಕಾಯಿಗಳಿದ್ದರೆ ಕ್ರೀಪಿಂಗ್ ಸಾಲ್ಟ್‌ಬುಷ್, ಅಟ್ರಿಪ್ಲೆಕ್ಸ್ ಸೆಮಿಬಕಾಟಾ. ಇದರ ಕೆಂಪು ಭಾಗ ಹಣ್ಣಲ್ಲ, ಅದೇ ಜೋಡಿ ಹೊದಿಕೆ ರಸ ತುಂಬಿ ಕೆಂಪಾದದ್ದು. ಉಗುರಿಂದ ಬಿಡಿಸಿದರೆ ಎರಡು ಹೋಳಾಗಿ ನಡುವೆ ಬೀಜ ಸಿಗುತ್ತದೆ.

ಹೆದರಬೇಕಾದ್ದು ಆಫ್ರಿಕನ್ ಬಾಕ್ಸ್‌ಥಾರ್ನ್‌ಗೆ. ಬದನೆ ಕುಟುಂಬದ ಕಳೆ ಅದು. ಎಲೆ ನುಣುಪಾದ ಹಸಿರು, ಬೂದು ಪುಡಿ ಕಿಂಚಿತ್ತೂ ಇಲ್ಲ, ಬಲವಾದ ಮುಳ್ಳು, ಜೋತುಬಿದ್ದ ಕಿತ್ತಳೆಗೆಂಪು ಹಣ್ಣು, ಒಳಗೆ ಟೊಮೆಟೊದಂತೆ ಬೇಕಾದಷ್ಟು ಬೀಜ. ಅದನ್ನು ತಿನ್ನಬೇಡಿ. ಒಂದು ಹಣ್ಣು ಹಿಸುಕಿ ನೋಡಿ, ಬೀಜ ಒಂದಕ್ಕಿಂತ ಜಾಸ್ತಿ ಇದ್ದರೆ ಅದು ರೂಬಿ ಅಲ್ಲ. ಮಕ್ಕಳಿಗೆ ಕಲಿಸಿಕೊಡಲು ಇದೇ ಸಾಕು. ಬೀಜ ಒಂದೇ ಇದ್ದರೆ ತಕ್ಷಣ ಬಾಯಿಗೆ ಹಾಕಿಕೊಳ್ಳಬೇಡಿ, ಎಲೆ, ಕಾಂಡವನ್ನೂ ಹೊಂದಿಸಿ ನೋಡಿ.

ಓಲ್ಡ್ ಮ್ಯಾನ್‌ನ ಎಲೆಯನ್ನೂ ಅಲ್ಲಿ ಅಡುಗೆಗೆ ಬಳಸುತ್ತಾರೆ, ಒಣಗಿಸಿ ಪುಡಿ ಮಾಡಿ ಮಸಾಲೆಯಾಗಿಯೂ ಮಾರುತ್ತಾರೆ. ಸೊಪ್ಪಿನಂತೆ ತಿನ್ನೋದಾದರೆ ಬೇಯಿಸಿ ನೀರು ಬಸಿಯಿರಿ. ಉಪ್ಪಿನ ಜೊತೆ ಆಕ್ಸಲೇಟ್ ಕೂಡ ಇರುತ್ತದೆ, ಕಿಡ್ನಿ ಸ್ಟೋನ್ ಆದವರು ದೂರ ಇರೋದೇ ಒಳ್ಳೆಯದು.

ಅಂದಹಾಗೆ ಬ್ರೋಕನ್ ಹಿಲ್‌ಗೆ ಹೋಗಿದ್ದೀರಿ ಅಂದಮೇಲೆ ಊರ ಸುತ್ತ ಬೇಲಿ ಹಾಕಿದ ಹಸಿರು ಪಟ್ಟಿ ನೋಡಿರಬೇಕು. ಗಣಿಗೆ ಮರ ಕಡಿದು, ದನ ಕುರಿ ಮೇಯಿಸಿ ಬೋಳಾಗಿದ್ದ ಊರಿಗೆ ಮರಳು ನುಗ್ಗುತ್ತಿತ್ತು. ಆಲ್ಬರ್ಟ್ ಮಾರಿಸ್ ಅನ್ನುವವರ ಸಲಹೆಯಂತೆ 1936ರಿಂದ ಬೇಲಿ ಹಾಕಿ ದನಕರುಗಳನ್ನು ಹೊರಗಿಟ್ಟರು, ಓಲ್ಡ್ ಮ್ಯಾನ್ ಸಾಲ್ಟ್‌ಬುಷ್ ಕೂಡ ನೆಟ್ಟರು. ಮೇಯುವುದು ನಿಂತ ಮೇಲೆ ನೆಲದಲ್ಲಿದ್ದ ಬೀಜಗಳೇ ಬಹಳಷ್ಟು ಎದ್ದು ಬಂದವು.

ಪ್ರಶ್ನೆ: ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನಮ್ಮ ಎರಡೆಕರೆ ಸವಳು-ಜವಳಾಗಿದೆ. ಅಳಿಯ ಆಸ್ಟ್ರೇಲಿಯಾದಲ್ಲಿದ್ದಾನೆ. ಸಾಲ್ಟ್‌ಬುಷ್ ಬೀಜ ತರಿಸಿ ಹಾಕಲಾ? (ಸಿಂಧನೂರು)

ಉತ್ತರ: ಬೇಡ. ಅನುಮತಿ ಇಲ್ಲದೆ ಬೀಜ ಚೀಲದಲ್ಲಿ ಹಾಕಿಕೊಂಡು ಬರೋದು ಕಾನೂನಿಗೆ ವಿರುದ್ಧ, ಎರಡೂ ದೇಶದ ವಿಮಾನ ನಿಲ್ದಾಣದಲ್ಲೂ ಫಜೀತಿ. ಅದಕ್ಕಿಂತ ಮುಖ್ಯ, ಹೊರಗಿನಿಂದ ತಂದ ಗಟ್ಟಿಮುಟ್ಟಾದ ಗಿಡ ಏನು ಮಾಡುತ್ತದೆ ಅಂತ ಬಳ್ಳಾರಿ ಜಾಲಿ ನೋಡಿದ ನಿಮಗೆ ನಾನು ಹೇಳಬೇಕಾಗಿಲ್ಲ. ಕ್ರೀಪಿಂಗ್ ಸಾಲ್ಟ್‌ಬುಷ್ ಮೇವಿಗೆ ಅಂತಲೇ ಕ್ಯಾಲಿಫೋರ್ನಿಯಾಗೆ ಹೋಗಿ ಈಗ ಅಲ್ಲಿ ಕಳೆಯಾಗಿದೆ.

ನಿಮ್ಮ ತೊಂದರೆ ಬರೀ ಉಪ್ಪಲ್ಲ, ನಿಂತ ನೀರು. ಓಲ್ಡ್ ಮ್ಯಾನ್ ಉಪ್ಪು ತಾಳುತ್ತದೆ, ಬೇರಿನಲ್ಲಿ ನೀರು ನಿಂತರೆ ಸೊರಗುತ್ತದೆ. ರಿವರ್ ಸಾಲ್ಟ್‌ಬುಷ್ ಸ್ವಲ್ಪ ಹೆಚ್ಚು ತಾಳುತ್ತದೆ ಅಷ್ಟೇ. ಮೊದಲು ಬಸಿಗಾಲುವೆ ಆಗಬೇಕು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಮೇಲೇ ಕೆಲಸ ನಡೆಯುತ್ತದೆ, ನಿಮಗೆ ಹತ್ತಿರ. ಮಣ್ಣಿನ ಮಾದರಿ ತೆಗೆದುಕೊಂಡು ಹೋಗಿ. ಸವಳೋ ಕ್ಷಾರವೋ ಅಂತ ಗೊತ್ತಾಗದೆ ಜಿಪ್ಸಂ ಸುರಿಯಬೇಡಿ.

ಪ್ರಶ್ನೆ: ಕುಮಟಾ ಹತ್ತಿರದ ಹಿನ್ನೀರಿನ ದಂಡೆಯಲ್ಲಿ ದಪ್ಪ ಎಲೆಯ, ನೆಲದಲ್ಲಿ ಹರಡುವ ಗಿಡ ಇದೆ. ಎಲೆ ಉಪ್ಪುಪ್ಪು. ಇದೂ ಸಾಲ್ಟ್‌ಬುಷ್ಷಾ?

ಉತ್ತರ: ಪುಟ್ಟ ನಕ್ಷತ್ರದಂಥ ಗುಲಾಬಿ ಹೂವಿದ್ದು, ಕಾಂಡ ಕೆಂಪಗಿದ್ದರೆ ಅದು ಸೆಸೂವಿಯಂ. ಬೇರೆಯದೇ ಕುಟುಂಬ. ಸಾಲ್ಟ್‌ಬುಷ್‌ಗೆ ಬಣ್ಣದ ಹೂವು ಬರುವುದೇ ಇಲ್ಲ.

ಪ್ರಶ್ನೆ: ಫೋನಿನ ಆ್ಯಪ್‌ಗೆ ಒಂದೇ ಗಿಡದ ಫೋಟೊ ಹಾಕಿದರೆ ಒಂದೊಂದು ಸಲ ಒಂದೊಂದು ಹೆಸರು ಹೇಳುತ್ತದೆ. ಏನು ಮಾಡೋದು? (ಮಿಲ್ಡ್ಯೂರಾ)

ಉತ್ತರ: ನೀವು ಕಳಿಸಿದ ಫೋಟೊಗಳನ್ನು ನೋಡಿದೆ. ಎಲ್ಲವೂ ನಿಂತುಕೊಂಡು ಮೇಲಿನಿಂದ ತೆಗೆದವು, ಬೂದು ಎಲೆ ಬಿಟ್ಟು ಬೇರೇನೂ ಇಲ್ಲ. ಅದನ್ನು ನೋಡಿ ನಾನೂ ಹೇಳಲಾರೆ, ಆ್ಯಪ್ ಹೇಗೆ ಹೇಳೀತು? ಇಡೀ ಗಿಡದ ಒಂದು ಫೋಟೊ ಇರಲಿ, ಪಕ್ಕದಲ್ಲಿ ಚಪ್ಪಲಿಯೋ ನೀರಿನ ಬಾಟಲಿಯೋ ಇಟ್ಟರೆ ಅಳತೆ ಸಿಗುತ್ತದೆ. ಎಲೆಯ ಎರಡೂ ಬದಿ ಬೇಕು. ಕಾಂಡದ ಬುಡ ಬೇಕು, ಕಟ್ಟಿಗೆಯೋ ಮೆತ್ತಗಿನ ದಂಟೋ ಗೊತ್ತಾಗಲಿ. ಕಾಯಿಯದ್ದು ಮಾತ್ರ ಎರಡು ಮೂರು ತೆಗೆಯಿರಿ: ಅಂಗೈ ಮೇಲೆ ಇಟ್ಟು ಮುಂದಿನಿಂದ, ಪಕ್ಕದಿಂದ, ಆಮೇಲೆ ಹೊದಿಕೆ ಬಿಡಿಸಿ ಬೀಜ ಕಾಣುವಂತೆ. ಗಿಡದಲ್ಲಿ ಕಾಯಿ ಇಲ್ಲದಿದ್ದರೆ ಬುಡದ ಮಣ್ಣು ಕೆದಕಿ, ಹಿಂದಿನ ವರ್ಷದ ಒಣ ಹೊದಿಕೆ ಸಿಗುವ ಸಾಧ್ಯತೆ ಜಾಸ್ತಿ. ಗಾಳಿಗೆ ಪಕ್ಕದ ಗಿಡದ್ದೂ ಬಂದು ಬಿದ್ದಿರಬಹುದು ಅನ್ನೋದು ನೆನಪಿರಲಿ.

ಎಲೆ ಮೇಲೆ ಸಣ್ಣ ಹಸಿರು ಹುಳ, ಅದರ ಸುತ್ತ ಇರುವೆ ಕಂಡರೆ ಓಡಿಸಬೇಡಿ. ಸಾಲ್ಟ್‌ಬುಷ್ ಬ್ಲೂ ಅನ್ನುವ ಪುಟ್ಟ ಚಿಟ್ಟೆಯ ಮರಿ ಇರಬಹುದು. ಅದು ಸಾಲ್ಟ್‌ಬುಷ್ ಬಳಗದ ಬೇರೆ ಬೇರೆ ಗಿಡಗಳನ್ನು ತಿನ್ನುವುದರಿಂದ ಜಾತಿ ಗುರುತಿಸಲು ಉಪಯೋಗಕ್ಕೆ ಬರಲ್ಲ, ಬಳಗ ಗುರುತಿಸಲು ಬರುತ್ತದೆ.

ಇಷ್ಟೆಲ್ಲ ಮಾಡಿಯೂ ತಿಳಿಯದಿದ್ದರೆ ಕಾಯಿ ಇರುವ ಒಂದು ಕೊಂಬೆಯನ್ನು ಪತ್ರಿಕೆಯ ಹಾಳೆಗಳ ನಡುವೆ ಒತ್ತಿ ಒಣಗಿಸಿ, ಎಲ್ಲಿ ಸಿಕ್ಕಿತು, ಯಾವ ದಿನ, ಮಣ್ಣು ಎಂಥದ್ದು, ಗಿಡ ಎಷ್ಟೆತ್ತರ ಅಂತ ಬರೆದು ನಿಮ್ಮ ರಾಜ್ಯದ ಹರ್ಬೇರಿಯಂಗೆ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹಾಲಯಕ್ಕೆ, ತಲುಪಿಸಿ. ರಾಷ್ಟ್ರೀಯ ಉದ್ಯಾನದೊಳಗೆ ಕೊಂಬೆ ಮುರಿಯಲು ಅನುಮತಿ ಬೇಕು, ಅಲ್ಲಿ ಬರೀ ಫೋಟೊ ಸಾಕು.